ಅಪ್ಪನ ಸತ್ಯವೇದಕ್ಕೆ ಹೊಸ ಹೊಲಿಗೆ: ಮೈಸೂರಿನ ಒಂದು ಬೈಂಡಿಂಗ್ ಅಂಗಡಿ

ಹರಿದುಹೋದ ಹಳೆಯ ಪುಸ್ತಕವನ್ನು ಹೊಲಿಸಬೇಕೆಂದು ಮಂಡ್ಯದಲ್ಲಿ ಮೂರು ಕಡೆ ಕೇಳಿದೆ. ಮೂವರೂ ಹೇಳಿದ್ದು ಒಂದೇ ಮಾತು: "ಹೊಸದು ತೆಗೆದುಕೊಳ್ಳಿ ಅಮ್ಮ, ಇದಕ್ಕೆ ಹಾಕುವ ದುಡ್ಡಿಗೆ ಹೊಸದೇ ಬರುತ್ತದೆ." ಬರುತ್ತದೆ, ನನಗೂ ಗೊತ್ತು. ಆದರೆ ಅದು ಅಪ್ಪನ ಸತ್ಯವೇದ, ಅಂದರೆ ಬೈಬಲ್. 1958ರಲ್ಲಿ ಅಪ್ಪನ ಮದುವೆಗೆ ಸಭೆಯವರು ಕೊಟ್ಟದ್ದು. ಅಪ್ಪ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದರು, ಭಾನುವಾರ ಸಂಬಳವಿಲ್ಲದ ಉಪದೇಶಿಯಾಗಿದ್ದರು. ತೀರಿಕೊಳ್ಳುವವರೆಗೂ ಪ್ರತಿ ಬೆಳಗ್ಗೆ ಕಾಫಿಗೆ ಮೊದಲು ಅದನ್ನು ತೆರೆಯುತ್ತಿದ್ದರು.

ಕೊನೆಗೆ ಪರಿಚಯದ ಒಬ್ಬ ನಿವೃತ್ತ ನರ್ಸಮ್ಮ ಮೈಸೂರಿನ ಈ ಅಂಗಡಿಯ ಗುರುತು ಹೇಳಿದರು. ಅಂಗಡಿಯವರು ಒಂಬತ್ತು ದಿನ ತೆಗೆದುಕೊಂಡರು, ಎಂಟುನೂರ ಐವತ್ತು ರೂಪಾಯಿ ತೆಗೆದುಕೊಂಡರು. ಕೆಲಸ ಹೇಗಿದೆ ಎಂದು ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿ ಸಾಕಾಗಿದೆ. ಹಳೆಯ ಪುಸ್ತಕ ಇಟ್ಟುಕೊಂಡು ಏನು ಮಾಡುವುದೆಂದು ತಿಳಿಯದವರು ಬಹಳ ಜನ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ಸ್ಥಿತಿ ಹೇಳಬೇಕು. ಬೆನ್ನು ಕಳಚಿ ಎರಡು ಹೋಳಾಗಿತ್ತು. ಮೊದಲ ಭಾಗವಾದ ಆದಿಕಾಂಡದ ಮೊದಲ ಆರು ಹಾಳೆ ಬಿಡಿಯಾಗಿದ್ದವು. ಕೊನೆಯ ಭಾಗವಾದ ಪ್ರಕಟನೆಯ ಕೊನೆಯ ಎರಡು ಹಾಳೆಗಳನ್ನು ಹೆಗ್ಗಣವೋ ಇಲಿಯೋ ಮೂಲೆಯಲ್ಲಿ ಕಚ್ಚಿತ್ತು. ಹಿಂದೊಮ್ಮೆ ನಮ್ಮ ಯಜಮಾನರು ಬದುಕಿದ್ದಾಗ, ಚೆನ್ನಾಗಿರಲೆಂದು, ಬೇರೆ ಊರಿನ ಒಂದು ಅಂಗಡಿಗೆ ಕೊಟ್ಟಿದ್ದರು. ಅಲ್ಲಿ ಪುಸ್ತಕದ ಮೂರೂ ಅಂಚನ್ನು ಯಂತ್ರಕ್ಕೆ ಕೊಟ್ಟು ನೀಟಾಗಿ ಕತ್ತರಿಸಿಬಿಟ್ಟಿದ್ದರು. ಅಪ್ಪ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದ ಅದೆಷ್ಟೋ ಅಕ್ಷರಗಳು ಆ ಚೂರುಗಳ ಜೊತೆಗೆ ಹೋದವು. ಆಮೇಲೆ ನಾನು ಮಾಡಿದ ತಪ್ಪು, ಬಿಟ್ಟುಕೊಂಡ ಹಾಳೆಗಳಿಗೆಲ್ಲ ಸೆಲ್ಲೋಟೇಪ್ ಅಂಟಿಸಿದ್ದು. ಐದಾರು ವರ್ಷದಲ್ಲಿ ಟೇಪು ಒಣಗಿ ಉದುರಿತು, ಅದರ ಅಂಟು ಮಾತ್ರ ಹಳದಿ ಕಲೆಯಾಗಿ ಕಾಗದದೊಳಕ್ಕೆ ಇಳಿದಿತ್ತು. ಇದನ್ನು ಓದುವ ಯಾರೂ ಹಳೆಯ ಪುಸ್ತಕಕ್ಕೆ ಟೇಪು ಹಾಕಬೇಡಿ.

ಪುಸ್ತಕವನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬೆಳಗಿನ ರೈಲು ಹಿಡಿದು ಹೋದೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟುವಾಗಲೆಲ್ಲ ನನಗೆ ಅಲ್ಲಿಯ ಗಂಜಾಂನ ಹಳೆಯ ಕ್ರೈಸ್ತ ದೇವಾಲಯದ ಜೊತೆ ಹೆಸರು ಸೇರಿಕೊಂಡಿರುವ ಫ್ರಾನ್ಸಿನ ಪಾದ್ರಿ ಅಬ್ಬೆ ದುಬಾಯ್ ಅವರು ನೆನಪಾಗುತ್ತಾರೆ. 1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಮೇಲೆ ಈ ಸೀಮೆಗೆ ಬಂದು, ಜನರಿಗೆ ಸಿಡುಬಿನ ಲಸಿಕೆ ಹಾಕಿಸಿ, 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿದವರು. ದೊಡ್ಡ ಮನುಷ್ಯರು. ಆದರೆ ಬೈಬಲನ್ನು ಇಲ್ಲಿಯ ಭಾಷೆಗಳಿಗೆ ತಿರುಗಿಸಿ ಜನರ ಕೈಗೆ ಕೊಡುವುದರಿಂದ ಒಳಿತಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ಅದೇ ದಶಕಗಳಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ಕನ್ನಡಕ್ಕೆ ತಿರುಗಿಸುತ್ತಾ ಕುಳಿತಿದ್ದರು. ಹ್ಯಾಂಡ್ಸ್ ಅವರೂ, ಅವರ ನಂತರ ತಿದ್ದಿದ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರೂ ಆ ಕೆಲಸ ಮಾಡದೆ ಹೋಗಿದ್ದರೆ, ಒಂದು ಎಕರೆ ಮೂವತ್ತು ಗುಂಟೆಯ ಒಡತಿಯಾದ ನನ್ನ ಮಡಿಲಲ್ಲಿ ಆ ಬಟ್ಟೆಗಂಟು ಇರುತ್ತಿರಲಿಲ್ಲ. ಓದಿದವರು ಬೋಧಿಸಿದಷ್ಟನ್ನೇ ನಾನು ಕೇಳಿಕೊಂಡು ಬರಬೇಕಾಗಿತ್ತು. ಓದಲು ಕೈಗೆ ಸಿಕ್ಕಿತು ಎಂದ ಮೇಲೆ ಓದಿದ ಹಾಗೆ ನಡೆಯುವ ಹೊಣೆಯೂ ಕೈಗೇ ಬಂತು.

ಅಂಗಡಿ ಅಶೋಕ ರಸ್ತೆಯಿಂದ ಒಳಕ್ಕೆ ಹೋಗುವ ಒಂದು ಗಲ್ಲಿಯಲ್ಲಿದೆ. ಹೆಸರಿನ ಹಲಗೆ ಇಲ್ಲ. ಸಂತ ಫಿಲೋಮಿನಾ ದೇವಾಲಯದ ಗೋಪುರಗಳು ಗಲ್ಲಿಯ ತುದಿಯಿಂದ ಕಾಣುತ್ತವೆ. ಹತ್ತಿರ ಹೋದರೆ ಬೇಯಿಸಿದ ಮೈದಾ ಅಂಟಿನ ವಾಸನೆಯೇ ದಾರಿ ತೋರಿಸುತ್ತದೆ. ಇಬ್ಬರು ಕುಳಿತು ಕೆಲಸ ಮಾಡುವಷ್ಟು ಜಾಗ, ಒಂದು ಕಬ್ಬಿಣದ ಒತ್ತುಯಂತ್ರ, ಗೋಡೆಗೆ ಒರಗಿಸಿದ ರಟ್ಟುಗಳು, ಕಾಲೇಜಿನ ಪ್ರಬಂಧಗಳ ರಾಶಿ. ಅಂಗಡಿಯ ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸಿರಬಹುದು. ಎಲ್ಲರೂ ಭಾಯಿ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ.

ಗಂಟು ಬಿಚ್ಚುವ ಮೊದಲೇ ಅವರು ಕೇಳಿದರು, "ಧರ್ಮಗ್ರಂಥವೇ ಅಮ್ಮ?" ಹೌದು ಎಂದೆ. ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದು, ಟವೆಲಿಗೆ ಒರೆಸಿ, ಆಮೇಲೆ ಮುಟ್ಟಿದರು. ನೆಲದ ಮೇಲೆ ಇಡಲಿಲ್ಲ. ಮೇಜಿನ ಮೇಲಿದ್ದ ಸಾಮಾನು ಸರಿಸಿ ಬಿಳಿ ಕಾಗದ ಹಾಸಿ ಅದರ ಮೇಲೆ ಇಟ್ಟರು. ಕುರಾನ್ ಪ್ರತಿಗಳನ್ನೂ ಅವರೇ ಹೊಲಿಯುತ್ತಾರಂತೆ. ಆ ಒಂದು ನಡತೆಯಿಂದಲೇ ನನ್ನ ಮನಸ್ಸು ನಿಶ್ಚಿಂತವಾಯಿತು.

ಪುಸ್ತಕವನ್ನು ಮುಚ್ಚಿ ಅಂಚಿನ ಕಡೆಯಿಂದ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು. "ಓದಿದ ಪುಸ್ತಕ" ಎಂದರು. ನನಗೂ ತೋರಿಸಿದರು. ಹಾಳೆಗಳ ಅಂಚೆಲ್ಲ ಒಂದೇ ಬಣ್ಣವಾಗಿರಲಿಲ್ಲ. ಎಲ್ಲಿ ಹೆಬ್ಬೆರಳು ಹೆಚ್ಚು ತಾಗಿತ್ತೋ ಅಲ್ಲಿ ಕಂದು ಪಟ್ಟಿ, ತಾಗದ ಕಡೆ ಬೆಳ್ಳಗೆ. ನಡುವೆ ಅಗಲವಾದ ಕಂದು ಪಟ್ಟಿ, ಅದು ಕೀರ್ತನೆಗಳು. ಮುಂದೆ ನಾಲ್ಕು ಸುವಾರ್ತೆಗಳು. ಇವೆರಡು ಯಾರ ಪುಸ್ತಕದಲ್ಲಾದರೂ ಇರುತ್ತವೆ. ಅದಕ್ಕೂ ಹಿಂದೆ, ಆರಂಭದ ಕಡೆ, ಬೆರಳಗಲದ ಇನ್ನೊಂದು ಪಟ್ಟಿ ಇತ್ತು. ತೆಗೆದು ನೋಡಿದರೆ ಮೋಶೆಯ ನಿಯಮಗಳಿರುವ ಧರ್ಮೋಪದೇಶಕಾಂಡ. ಇಷ್ಟು ವರ್ಷ ಆ ಪುಸ್ತಕ ನನ್ನ ಮನೆಯಲ್ಲೇ ಇತ್ತು, ನಾನು ನೋಡಿರಲಿಲ್ಲ. ಊರಿಗೆ ಬಂದವಳು ನನ್ನ ಸ್ವಂತ ಸತ್ಯವೇದವನ್ನು ಹಾಗೆಯೇ ಬೆಳಕಿಗೆ ಹಿಡಿದೆ. ಕೀರ್ತನೆ ಕಂದು, ಯೋಹಾನ ಕಂದು. ಧರ್ಮೋಪದೇಶಕಾಂಡ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೆಯೇ ಇತ್ತು.

"ಅಂಚು ಕತ್ತರಿಸಿದರೆ ಕೊಳೆ ಹೋಗುತ್ತದೆ, ಹೊಸದರ ಹಾಗೆ ಕಾಣುತ್ತದೆ. ಆದರೆ ಇಲ್ಲಿ ಯಾರೋ ಬರೆದಿದ್ದಾರೆ, ನಾನು ಕತ್ತರಿಸುವುದಿಲ್ಲ" ಎಂದು ಭಾಯಿ ತಾವಾಗಿಯೇ ಹೇಳಿದರು. ನಾನು ಕೇಳಿಕೊಂಡಿರಲಿಲ್ಲ. ಮುಂದಿನ ವಾರದ ಶುಕ್ರವಾರ ಸಂಜೆ ನಾಲ್ಕಕ್ಕೆ ಬನ್ನಿ ಎಂದರು. ನೂರು ರೂಪಾಯಿ ಮುಂಗಡ ಕೊಟ್ಟೆ.

ಶುಕ್ರವಾರ ಸಂಜೆ ನಾಲ್ಕಕ್ಕೆ ಹೋದೆ. ಸಿದ್ಧವಾಗಿತ್ತು. "ನಾಳೆ ಬನ್ನಿ ಅಮ್ಮ" ಎಂಬ ಮಾತೇ ಇಲ್ಲ. ದರ್ಜಿಯ ಹತ್ತಿರ, ಗಡಿಯಾರದ ಅಂಗಡಿಯಲ್ಲಿ, ಮರಗೆಲಸದವರಲ್ಲಿ ಆ ಮಾತು ಕೇಳಿ ಕೇಳಿ ನಾವೆಲ್ಲ ಅದನ್ನು ಸುಳ್ಳೆಂದು ಎಣಿಸುವುದನ್ನೇ ಬಿಟ್ಟಿದ್ದೇವೆ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂದು ಕರ್ತನಾದ ಯೇಸು ಮತ್ತಾಯ ಐದನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಅದನ್ನು ಓದದ ಮನುಷ್ಯ ಅದರ ಹಾಗೆ ನಡೆದದ್ದನ್ನು ಕಂಡೆ.

ಕೆಲಸದ ವಿವರ ಹೇಳುತ್ತೇನೆ. ಹಳೆಯ ದಾರವನ್ನೆಲ್ಲ ಬಿಚ್ಚಿ, ಫಾರಂ ಫಾರಂ, ಅಂದರೆ ಒಟ್ಟಿಗೆ ಮಡಿಸಿದ ಹಾಳೆಗಳ ಒಂದೊಂದು ಕಟ್ಟು, ಬೇರೆ ಮಾಡಿದ್ದಾರೆ. ಸತ್ಯವೇದದ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಅರವತ್ತಾರು ಪುಸ್ತಕ, ಸಾವಿರದ ನೂರ ಎಂಬತ್ತೊಂಬತ್ತು ಅಧ್ಯಾಯ ಒಂದು ಕೈಯಲ್ಲಿ ಹಿಡಿಯುವಂತಿರಬೇಕಾದರೆ ಅಷ್ಟು ತೆಳುವಾಗದೆ ವಿಧಿಯಿಲ್ಲ. ಮಡಿಕೆ ಹರಿದಿದ್ದ ಕಡೆಯೆಲ್ಲ ಟಿಶ್ಯೂ ಕಾಗದದ ಸಣ್ಣ ಪಟ್ಟಿ ಅಂಟಿಸಿದ್ದಾರೆ. ಅದರ ಮೂಲಕ ಅಕ್ಷರ ಕಾಣುತ್ತದೆ. ಮೇಣ ಸವರಿದ ದಾರದಲ್ಲಿ ಕೈಹೊಲಿಗೆ. ಬೆನ್ನಿಗೆ ಬಟ್ಟೆಯ ಪಟ್ಟಿ, ಮೇಲೆ ರಟ್ಟು, ಅದರ ಮೇಲೆ ಕಪ್ಪು ರೆಕ್ಸಿನ್. ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ಹುಳು ಬರುವುದಿಲ್ಲ. ಅದು ವಿಷ, ಆದ್ದರಿಂದ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಬೇಡಿ ಎಂದು ನನಗೆ ಎರಡು ಸಾರಿ ಹೇಳಿದರು. ಟೇಪಿನ ಕಲೆ ಪೂರ್ತಿ ಹೋಗಿಲ್ಲ, ಹೋಗುವುದಿಲ್ಲ ಎಂದು ಮೊದಲೇ ಹೇಳಿದ್ದರು. ಎಲ್ಲಕ್ಕಿಂತ ಸಂತೋಷದ ಸಂಗತಿ, ಈಗ ಯಾವ ಪುಟ ತೆರೆದರೂ ಪುಸ್ತಕ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಹಿಂದಿನ ಹೊಲಿಗೆಯಲ್ಲಿ ಒಳಅಂಚಿನ ಬರಹ ಬೆನ್ನಿನ ಸಂದಿಯಲ್ಲಿ ಹುದುಗಿತ್ತು. ಅದೂ ಈಗ ಓದಲು ಸಿಗುತ್ತದೆ.

ಆ ಬರಹವನ್ನು ಓದಿದ ಮೇಲೆಯೇ ನನಗೆ ಅಪ್ಪನ ಸತ್ಯವೇದ ಎಂದರೇನು ಎಂದು ತಿಳಿದದ್ದು. ಅವು ಪ್ರಸಂಗದ ಟಿಪ್ಪಣಿಗಳು ಎಂದುಕೊಂಡಿದ್ದೆ. ಅಪ್ಪ ಬರೆದಿದ್ದದ್ದು ಲೆಕ್ಕ. ಒಂದು ವಚನ ಏನನ್ನು ಮಾಡು ಎನ್ನುತ್ತದೆಯೋ ಅದನ್ನು ಮಾಡಿದ ದಿನ ಅದರ ಪಕ್ಕದಲ್ಲಿ ಬರೆದು ತಾರೀಖು ಹಾಕಿದ್ದರು. ಧರ್ಮೋಪದೇಶಕಾಂಡ 22:8, ಮನೆ ಕಟ್ಟಿದರೆ ಯಾರೂ ಬೀಳದ ಹಾಗೆ ಮಾಳಿಗೆಯ ಸುತ್ತ ಗೋಡೆ ಎತ್ತಿಸಬೇಕು ಎನ್ನುವ ವಚನ. ಪಕ್ಕದಲ್ಲಿ "ಎತ್ತಿಸಿದೆ, 3-77." ನಮ್ಮ ಮನೆಯ ತಾರಸಿಯ ಪ್ಯಾರಾಪೆಟ್ ಗೋಡೆ ಬೀದಿಯ ಬೇರೆ ಮನೆಗಳಿಗಿಂತ ಒಂದು ಅಡಿ ಎತ್ತರ. ಮೆಣಸಿನಕಾಯಿ ಒಣಗಿಸುವಾಗ ನೆರಳು ಬೀಳುತ್ತದೆ ಎಂದು ಅಮ್ಮ ಗೊಣಗುತ್ತಿದ್ದುದು ನೆನಪಿದೆ. ಅದು ಏಕೆ ಎತ್ತರ ಎಂದು ನನಗೆ ಈ ವರ್ಷ ತಿಳಿಯಿತು.

ಲೂಕ 14:13ರ ಪಕ್ಕ, ಔತಣ ಮಾಡಿದರೆ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆಯಬೇಕು ಎನ್ನುವಲ್ಲಿ, "ಕರೆದ" ಎಂಬ ಮೂರು ಅಕ್ಷರ ಉಳಿದಿವೆ. ಮುಂದಿನದು ಆ ಹಳೆಯ ಅಂಗಡಿಯ ಕತ್ತರಿಗೆ ಹೋಗಿದೆ. ಕರೆದೆ ಎಂದಿತ್ತೋ, ಕರೆದರೂ ಬರಲಿಲ್ಲ ಎಂದಿತ್ತೋ. ಎಷ್ಟು ಸಾರಿ ಆ ಪುಟ ತೆಗೆದು ನೋಡಿದ್ದೇನೆ.

ಅಕ್ಷರಶಃ ನಡೆಯುವುದು ಎಂದರೆ ನಮ್ಮವರೇ ನಗುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗ ಕೇಳಿದ, "ದೊಡ್ಡಮ್ಮ, ಕಣ್ಣು ಪಾಪಕ್ಕೆ ಕಾರಣವಾದರೆ ಕಿತ್ತು ಬಿಸಾಡು ಎಂದೂ ಇದೆಯಲ್ಲ, ಅದನ್ನೂ ಮಾಡುತ್ತೀರಾ?" ಇದೇ ಪ್ರಶ್ನೆಯನ್ನು ನಾನು ಹುಡುಗಿಯಾಗಿದ್ದಾಗ ಅಪ್ಪನಿಗೆ ಕೇಳಿದ್ದೆ. ಅಪ್ಪ ಹೇಳಿದ್ದು ಹೀಗೆ: ನೆರೆಮನೆಯವಳು ಹೊಟ್ಟೆ ಉರಿಯಿತು ಎಂದರೆ ನೀನು ನೀರಿನ ಕೊಡ ಎತ್ತಿಕೊಂಡು ಓಡುವುದಿಲ್ಲ. ಅವಳೇ ನನ್ನ ಸಾಲ ತೀರಿಸು ಎಂದರೆ, ಅದು ಅಲಂಕಾರದ ಮಾತು ಎಂದು ಕುಳಿತುಕೊಳ್ಳುವುದೂ ಇಲ್ಲ. ಎರಡನ್ನೂ ನೀನು ಇದ್ದದ್ದು ಇದ್ದ ಹಾಗೆಯೇ ಕೇಳಿಸಿಕೊಂಡೆ. ನಾನೇ ಬಾಗಿಲು ಎಂದು ಕರ್ತನು ಹೇಳಿದಾಗ ಯಾರೂ ಚಿಲಕ ಹುಡುಕಲಿಲ್ಲ. ಹಾಗೆ ಓದು.

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಕಣ್ಣು ಕೀಳುವ ವಚನವನ್ನು ಮುಂದೆ ಮಾಡಿ ಕೂಲಿ ಕೊಡುವ ವಚನದಿಂದ ತಪ್ಪಿಸಿಕೊಳ್ಳುವುದನ್ನು ಬಹಳ ನೋಡಿದ್ದೇನೆ, ಅದಕ್ಕೆ ನನಗೆ ಸಿಟ್ಟು. ಬಲಿಗಳ ವಿಷಯ ಬೇರೆ. ಬಲಿಗಳ ವಿಧಿ ಹೇಳುವ ಯಾಜಕಕಾಂಡದ ಮೊದಲ ಅಧ್ಯಾಯಗಳ ಪಕ್ಕದಲ್ಲಿ ಅಪ್ಪ "ಇಬ್ರಿ. 10" ಎಂದು ಮಾತ್ರ ಬರೆದಿದ್ದಾರೆ. ಕ್ರಿಸ್ತನು ಒಂದೇ ಸಾರಿ ತನ್ನನ್ನು ಅರ್ಪಿಸಿದ್ದರಿಂದ ಆ ಬಲಿಗಳು ಮುಗಿದವು ಎನ್ನುವ, ಇಬ್ರಿಯರಿಗೆ ಬರೆದ ಪತ್ರಿಕೆಯ ಅಧ್ಯಾಯ ಅದು. ಹೀಗೆ ಒಂದು ವಚನ ನಮಗೆ ಹೇಳಿದ್ದೋ ಅಲ್ಲವೋ ಎಂಬುದನ್ನು ಸತ್ಯವೇದದಲ್ಲಿಯೇ ಹುಡುಕುತ್ತಿದ್ದರು, ತಮ್ಮ ಅನುಕೂಲದಲ್ಲಿ ಹುಡುಕುತ್ತಿರಲಿಲ್ಲ.

ಕೂಲಿಯ ವಚನ ಧರ್ಮೋಪದೇಶಕಾಂಡ 24:15. ಆಯಾ ದಿನದ ಕೂಲಿಯನ್ನು ಹೊತ್ತು ಮುಳುಗುವುದಕ್ಕೆ ಮೊದಲು ಕೊಡಬೇಕು, ಅವನು ಬಡವ, ಅದರ ಮೇಲೆಯೇ ಮನಸ್ಸಿಟ್ಟಿದ್ದಾನೆ ಎನ್ನುತ್ತದೆ. ಅಪ್ಪ ಪಕ್ಕದಲ್ಲಿ "ಯಾಕೋ. 5:4" ಎಂದು ಯಾಕೋಬನ ಪತ್ರಿಕೆಯ ವಚನವನ್ನು ಬರೆದು, ಹೊಸ ಒಡಂಬಡಿಕೆಯಲ್ಲೂ ಅದೇ ಇದೆ ಎಂದು ಗುರುತು ಮಾಡಿದ್ದಾರೆ. ಕೆಳಗೆ ಸಾಲು ಸಾಲಾಗಿ: "ಕೊಟ್ಟಾಯಿತು 9-8-71." "ಕೊಟ್ಟಾಯಿತು." "ಸೊಸೈಟಿ ಸಾಲ ತೆಗೆದು ಕೊಟ್ಟೆ." "ಕೊಟ್ಟಾಯಿತು." ನಾಲೆಗೆ ನೀರು ಬಿಟ್ಟು ನಾಟಿ ನಡೆಯುವ ತಿಂಗಳುಗಳವೇ ಆ ತಾರೀಖುಗಳು.

ನನ್ನ ಪದ್ಧತಿ ಬೇರೆ ಇತ್ತು. ನಾಟಿಗೆ ಬರುವ ಹೆಂಗಸರಿಗೆ ವಾರಕ್ಕೊಮ್ಮೆ, ಸಂತೆಯ ಹಿಂದಿನ ದಿನ ಬಟವಾಡೆ. ಕಬ್ಬಿನ ಹಣ ಬರುವುದು ತಡವಾದರೆ ಅದೂ ಮುಂದಕ್ಕೆ ಹೋಗುತ್ತಿತ್ತು. ಯಾರೂ ಬೇಸರ ತೋರಿಸಿರಲಿಲ್ಲ. ಊರಲ್ಲೆಲ್ಲ ಹಾಗೆಯೇ. ಈ ಸಾರಿ ನಾಟಿಯ ದಿನ ಮಧ್ಯಾಹ್ನವೇ ಬಸ್ ಹತ್ತಿ ಮಂಡ್ಯಕ್ಕೆ ಹೋಗಿ ಎಟಿಎಂನಿಂದ ದುಡ್ಡು ತೆಗೆದೆ. ಐನೂರರ ನೋಟುಗಳೇ ಬಂದವು, ಚಿಲ್ಲರೆಗಾಗಿ ನಾಲ್ಕು ಅಂಗಡಿ ಅಲೆದೆ. ಹಿಂದಿರುಗುವ ಹೊತ್ತಿಗೆ ಐದೂವರೆ. ಹನ್ನೊಂದು ಹೆಂಗಸರು ಕಾಲುವೆಯಲ್ಲಿ ಕಾಲು ತೊಳೆಯುತ್ತಿದ್ದರು. ಬದುವಿನ ಮೇಲೆ ನಿಂತು ಒಬ್ಬೊಬ್ಬರಿಗೂ ನಾನೂರು ಎಣಿಸಿ ಕೊಟ್ಟೆ. ಒದ್ದೆ ಕೈಯಲ್ಲಿ ಹಿಡಿಯಬಾರದೆಂದು ಸೆರಗಿನ ಒಣಗಿದ ತುದಿ ಹುಡುಕಿ ನೋಟನ್ನು ಸುತ್ತಿ ಸಿಕ್ಕಿಸಿಕೊಂಡರು. ಅವರಲ್ಲಿ ಹಿರಿಯಳು, ನನ್ನ ಹೊಲಕ್ಕೆ ಇಪ್ಪತ್ತು ವರ್ಷದಿಂದ ಬರುವವಳು, ಹೇಳಿದಳು: "ಇವತ್ತು ಮೊಮ್ಮಗುವಿನ ಔಷಧಿ ಸಾಲದಲ್ಲಿ ತರುವುದು ತಪ್ಪಿತು, ಅಕ್ಕ." ಇಪ್ಪತ್ತು ವರ್ಷ. ಪ್ರತಿ ವಾರ ಆರು ದಿನ ಅವಳ ದುಡ್ಡು ನನ್ನ ಹತ್ತಿರವಿತ್ತು, ಅವಳು ಅಂಗಡಿಯಲ್ಲಿ ಸಾಲ ಬರೆಸುತ್ತಿದ್ದಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆಮೇಲೊಮ್ಮೆ ಅಂಗಡಿಗೆ ಹೋದಾಗ ಇದನ್ನು ಭಾಯಿಗೆ ಹೇಳಿದೆ. "ನಮ್ಮಲ್ಲೂ ಹೇಳಿದ್ದಾರೆ ಅಮ್ಮ, ಕೆಲಸದವನ ಬೆವರು ಆರುವ ಮೊದಲು ಕೂಲಿ ಕೊಡಿ ಎಂದು" ಎಂದರು. ಕೈಕೆಳಗೆ ಕೆಲಸ ಮಾಡುವ ಹುಡುಗನಿಗೆ ಸಂಜೆ ಸಂಜೆಯೇ ಕೊಟ್ಟು ಕಳಿಸುತ್ತಾರಂತೆ.

ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಬೇಡ ಎನ್ನುವ ವಿಮೋಚನಕಾಂಡ 22:25 ನನ್ನನ್ನು ಇನ್ನೂ ನಾಚಿಸಿತು. ನೆರೆಯವಳೊಬ್ಬಳಿಗೆ ನೂರಕ್ಕೆ ಎರಡು ರೂಪಾಯಿಯ ಬಡ್ಡಿಗೆ ಕೊಟ್ಟಿದ್ದೆ. ಅಸಲು ಮಾತ್ರ ಕೊಡು ಎಂದೆ, ತೆಗೆದುಕೊಂಡಿದ್ದ ಬಡ್ಡಿಯನ್ನು ಅಸಲಿಗೆ ಹಿಡಿದೆ.

ಹೊಲದ ಮೂಲೆಯ ವಿಷಯದಲ್ಲಿ ಮಾತ್ರ ನಾನು ಸೋತೆ. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬಾರದು, ಹಕ್ಕಲು, ಅಂದರೆ ಕೊಯ್ಲಿನಲ್ಲಿ ಉದುರಿ ಉಳಿದ ತೆನೆ, ಆಯಬಾರದು, ಬಡವರಿಗೂ ಪರದೇಶಿಗೂ ಬಿಡಬೇಕು ಎಂದು ಯಾಜಕಕಾಂಡ 19ರಲ್ಲಿದೆ. ಹಕ್ಕಲು ಎನ್ನುವುದು ನಮ್ಮ ಮಾತೇ. ಸತ್ಯವೇದದ ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದ ಕಥೆಯನ್ನು ನಮ್ಮ ಅಜ್ಜಿ ಊರಿನ ಸಂಗತಿಯ ಹಾಗೆ ಹೇಳುತ್ತಿದ್ದಳು, ಅವಳೇ ಹಕ್ಕಲಾಯ್ದು ಮಕ್ಕಳನ್ನು ಸಾಕಿದವಳು. ಈ ಸುಗ್ಗಿಯಲ್ಲಿ ಕಟಾವು ಯಂತ್ರದ ಹುಡುಗನಿಗೆ ಮೂಡಲ ಮೂಲೆ ಬಿಡು ಎಂದೆ. ಬಿಟ್ಟ. ಹತ್ತು ದಿನ ಕಾದೆ, ಯಾರೂ ಬರಲಿಲ್ಲ. ಗಿಳಿ, ಗುಬ್ಬಿ, ಹಂದಿ ಬಂದವು. ತೆನೆ ಆಯ್ದು ಬಡಿದು ಕುಟ್ಟಿ ಅಕ್ಕಿ ಮಾಡುವವರು ಈಗ ಯಾರಿದ್ದಾರೆ? ಕೊನೆಗೆ ಆ ಮೂಲೆಯನ್ನು ನಾನೇ ಕೊಯ್ಯಿಸಿ, ಮಿಲ್ಲಿಗೆ ಕೊಟ್ಟು, ಬಂದ ಅಕ್ಕಿಯನ್ನು ಕಬ್ಬು ಕಡಿಯಲು ಬೇರೆ ಜಿಲ್ಲೆಗಳಿಂದ ಬಂದು ಗುಡಿಸಲಲ್ಲಿದ್ದ ಮೂರು ಸಂಸಾರಗಳಿಗೆ ಕೊಟ್ಟೆ. ವಚನ ಹೇಳಿದ್ದು ಬಿಡು ಎಂದು, ನಾನು ಮಾಡಿದ್ದು ಕೊಡುವುದು. ಬಿಟ್ಟದ್ದನ್ನು ಆಯ್ದುಕೊಳ್ಳುವವನು ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಕೊಟ್ಟರೆ ಅವನು ಚಾಚಬೇಕು. ಈ ವ್ಯತ್ಯಾಸ ನನ್ನನ್ನು ಕೊರೆಯುತ್ತಲೇ ಇದೆ. ಅಪ್ಪನ ಪುಸ್ತಕದಲ್ಲಿ ಅಲ್ಲಿ "ಮೂಲೆ ಬಿಟ್ಟೆ" ಎಂದಿದೆ. ಅದರ ಕೆಳಗೆ ಬರೆಯಲು ನನಗೆ ಮನಸ್ಸು ಬರಲಿಲ್ಲ.

ನೆರೆಯವನ ದ್ರಾಕ್ಷಿ ತೋಟದಲ್ಲಿ ಹಾದುಹೋಗುವಾಗ ಹೊಟ್ಟೆ ತುಂಬ ತಿನ್ನಬಹುದು, ಬುಟ್ಟಿಗೆ ಹಾಕಿಕೊಳ್ಳಬಾರದು ಎಂಬ ನಿಯಮವನ್ನು ಮಂಡ್ಯದವರಿಗೆ ಯಾರೂ ಕಲಿಸಬೇಕಾಗಿಲ್ಲ. ಆಲೆಮನೆಗೆ ಬಂದವರನ್ನು ಕಬ್ಬಿನ ಹಾಲು ಕೊಡದೆ ಕಳಿಸುವುದು ನಮ್ಮಲ್ಲಿ ಇಲ್ಲ.

ಆರಾಧನೆಯಲ್ಲಿ ನಾನು ತಲೆಗೆ ಸೆರಗು ಹೊದೆಯುತ್ತೇನೆ, 1 ಕೊರಿಂಥ 11ರಲ್ಲಿದೆ ಎಂದು. ಅದೇ ಅಧ್ಯಾಯದಲ್ಲಿ ಸ್ತ್ರೀಯರು ಪ್ರಾರ್ಥಿಸುವುದೂ ಪ್ರವಾದಿಸುವುದೂ ಇದೆ, ಆದ್ದರಿಂದ ಬಾಯಿ ಮುಚ್ಚಿಕೊಂಡು ಕೂರು ಎಂದವರ ಮಾತನ್ನು ಕೇಳುವುದಿಲ್ಲ. ನೆರೆಮನೆಯ ಮಾರಿಹಬ್ಬದ ಬಾಡೂಟ ಇದಕ್ಕಿಂತ ಕಷ್ಟದ್ದು. ವಿಗ್ರಹಕ್ಕೆ ಅರ್ಪಿಸಿದ್ದನ್ನೂ ರಕ್ತವನ್ನೂ ಬಿಡಬೇಕೆಂದು ಅಪೊಸ್ತಲರ ಕೃತ್ಯಗಳು 15ರಲ್ಲಿ ಅಪೊಸ್ತಲರು ಬರೆದು ಕಳಿಸಿದ್ದಾರೆ. ಕರೆದ ಮನೆಗೆ ಹೋಗದಿರುವುದಂತೂ ನಮ್ಮ ಊರಲ್ಲಿ ಆಗದ ಮಾತು. ನೆರೆಯ ಸಾಕಮ್ಮಜ್ಜಿಯ ಕಾಲದಿಂದ ಬಂದ ಏರ್ಪಾಡು ಒಂದಿದೆ: ಎಡೆ ಇಡುವ ಮೊದಲೇ ನಮ್ಮ ಪಾಲಿನ ಮಾಂಸ ತೆಗೆದಿಟ್ಟು ಬೇರೆ ಪಾತ್ರೆಯಲ್ಲಿ ಸಾರು ಮಾಡುತ್ತಾರೆ. ರಕ್ತದ ಪಲ್ಯವನ್ನು ನಮ್ಮ ಎಲೆಗೆ ತರುವುದಿಲ್ಲ. ಅವರ ದೇವರಿಗೂ ನಮ್ಮ ವಚನಕ್ಕೂ ಅವರು ತೋರಿಸುವ ಮರ್ಯಾದೆಗೆ ನಾನು ಋಣಿ.

ಇನ್ನು ಮತ್ತಾಯ 5:24. ಕಾಣಿಕೆ ಕೊಡಲು ಬಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಂದಿಗೆ ಒಂದಾಗು ಎನ್ನುವ ಮಾತು. ಇಲ್ಲಿ ಬರಹ ಒಳಅಂಚಿನಲ್ಲಿತ್ತು. ಭಾಯಿ ಬಿಚ್ಚಿ ಹೊಲಿಯದಿದ್ದರೆ ನಾನು ಸಾಯುವವರೆಗೂ ನೋಡುತ್ತಿರಲಿಲ್ಲ. ಒಂದರ ಕೆಳಗೆ ಒಂದು: "ಇನ್ನೂ ಇಲ್ಲ, 78." "ಇನ್ನೂ ಇಲ್ಲ, 84." "ಇನ್ನೂ ಇಲ್ಲ, 91." ಮೂರನೆಯ ಸಾಲಿನ ಹೊತ್ತಿಗೆ ಅಪ್ಪನ ಕೈ ನಡುಗುತ್ತಿತ್ತು, ಅಕ್ಷರ ಸೊಟ್ಟ.

ನಮ್ಮ ದೊಡ್ಡಪ್ಪನಿಗೂ ಅಪ್ಪನಿಗೂ ಎಂಟು ಗುಂಟೆ ಜಮೀನಿನ ಬಗ್ಗೆ ಕೋರ್ಟಿನಲ್ಲಿ ನಡೆದು ಅಪ್ಪ ಗೆದ್ದರು. ಅಲ್ಲಿಂದ ಮಾತಿಲ್ಲ. ಇಬ್ಬರೂ ಈಗಿಲ್ಲ. ಎಂಟು ಗುಂಟೆ ನನ್ನ ಹೆಸರಿನಲ್ಲಿದೆ. ಸಹೋದರನ ಮೇಲೆ ನ್ಯಾಯಾಲಯಕ್ಕೆ ಹೋಗುವುದಕ್ಕಿಂತ ಅನ್ಯಾಯವನ್ನು ಏಕೆ ಸಹಿಸಬಾರದು ಎಂದು ಕೇಳುವ 1 ಕೊರಿಂಥ 6ರ ಪಕ್ಕದಲ್ಲಿ ಅಪ್ಪ ಏನನ್ನೂ ಬರೆದಿಲ್ಲ.

ಒಂದು ಭಾನುವಾರ ಕಾಣಿಕೆಯ ಗೀತೆ ಆರಂಭವಾದಾಗ ಆ ಮೂರು ಸಾಲು ಕಣ್ಣ ಮುಂದೆ ಬಂದವು. ಪಕ್ಕದಲ್ಲಿದ್ದ ಹೆಂಗಸಿನ ಕೈಗೆ ಕವರು ಕೊಟ್ಟು, ಇಟ್ಟುಕೊಂಡಿರಿ, ಬಂದು ಕೊಡುತ್ತೇನೆ ಎಂದು ಹೊರಗೆ ಬಂದೆ. ಪಾಂಡವಪುರದ ಬಸ್ ಹತ್ತಿದೆ. ದೊಡ್ಡಪ್ಪನ ಮಗ ಜಗುಲಿಯಲ್ಲಿ ಕುಳಿತಿದ್ದರು. ನಲವತ್ತು ವರ್ಷದ ಮೇಲೆ ನೋಡಿದ್ದು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಿಂತುಕೊಂಡೇ ಹೇಳಿದೆ, "ಅಣ್ಣ, ಅಪ್ಪ ಕೋರ್ಟಿಗೆ ಹೋದದ್ದು ತಪ್ಪು. ಅವರು ಅದನ್ನು ಬರೆದಿಟ್ಟಿದ್ದಾರೆ." ಅತ್ತಿಗೆ ಕಾಫಿ ತಂದಿಟ್ಟರು. ಬಹಳ ಹೊತ್ತಿನ ಮೇಲೆ ಅಣ್ಣ ಕೇಳಿದರು, "ಚಿಕ್ಕಪ್ಪ ಬರೆದಿದ್ದಾರೆಯೇ? ಎಲ್ಲಿ?"

ಮರುವಾರ ಪುಸ್ತಕವನ್ನೇ ತೆಗೆದುಕೊಂಡು ಹೋದೆ. ಕನ್ನಡಕ ಹಾಕಿಕೊಂಡು ಆ ಪುಟವನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡರು, ಪುಟ ಮಡಚಿಕೊಳ್ಳದೆ ಸುಮ್ಮನೆ ಮಲಗಿತ್ತು. 78ರ ಮೇಲೆ ಬೆರಳಿಟ್ಟರು, 84ರ ಮೇಲೆ ಇಟ್ಟರು, 91ರ ಮೇಲೆ ಇಟ್ಟು ಹಾಗೆಯೇ ಇದ್ದರು. "ಚಿಕ್ಕಪ್ಪನ ಅಕ್ಷರವೇ" ಎಂದರು. ಜಮೀನಿನ ಮಾತು ಇನ್ನೂ ಮುಗಿದಿಲ್ಲ. ನಾಲ್ಕು ಗುಂಟೆ ಬಿಡುತ್ತೇನೆ ಎಂದಿದ್ದೇನೆ, ಸರ್ವೆಯವರು ಬರಬೇಕು, ನನ್ನ ಮಗ ಒಪ್ಪಬೇಕು. ನಾಲ್ಕನೆಯ ಸಾಲು ಬರೆದಿಲ್ಲ. ಕವರನ್ನು ಆ ಹೆಂಗಸಿನಿಂದ ಪಡೆದು ಕಾಣಿಕೆ ಚೀಲಕ್ಕೆ ಹಾಕಿದ್ದೇನೆ.

ಅಂಗಡಿಯ ಕೊರತೆಗಳನ್ನೂ ಹೇಳಬೇಕು. ಬೆನ್ನಿನ ಮೇಲಿನ ಚಿನ್ನದ ಅಕ್ಷರದಲ್ಲಿ "ಸತ್ಯವೇದವು" ಎಂಬುದು ಬಲಕ್ಕೆ ಸ್ವಲ್ಪ ಇಳಿದಿದೆ. ಗುರುತಿಗೆ ರಿಬ್ಬನ್ ಹಾಕಿರಲಿಲ್ಲ. ಆಮೇಲೆ ಹೋದಾಗ ಕೇಳಿದ್ದಕ್ಕೆ ದುಡ್ಡು ತೆಗೆದುಕೊಳ್ಳದೆ ಅಂಟಿಸಿಕೊಟ್ಟರು. ಹೊಸ ರೆಕ್ಸಿನ್ ವಾಸನೆ ಹೋಗಲು ತಿಂಗಳು ಹಿಡಿಯಿತು. ಮೊಬೈಲಿನಲ್ಲಿ ದುಡ್ಡು ಕಳಿಸಲು ಆಗುವುದಿಲ್ಲ, ನಗದು ಇರಲಿ. ತುರ್ತು ಕೆಲಸ ಒಪ್ಪಿಕೊಳ್ಳುವುದಿಲ್ಲ. ಪರೀಕ್ಷೆಯ ತಿಂಗಳುಗಳಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳ ರಾಶಿ ಇರುತ್ತದೆ, ಆಗ ಹೋದರೆ ಮೂರು ವಾರವಾಗುತ್ತದೆ ಎಂದು ಅವರೇ ಹೇಳುತ್ತಾರೆ.

ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ, ನಾಲ್ಕರ ಮೇಲೆ ಹೋಗಿ. ಭಾಯಿ ಅಂಚು ಕತ್ತರಿಸುವುದಿಲ್ಲ. ಬೇರೆ ಯಾವ ಅಂಗಡಿಗೆ ಕೊಡುವುದಾದರೂ, ಕೊಡುವ ಮೊದಲು ಪುಸ್ತಕವನ್ನು ಒಂದು ಸಾರಿ ಹಾಳೆ ಹಾಳೆ ತಿರುವಿ ನೋಡಿ. ಅಂಚಿನಲ್ಲಿ ಯಾರದಾದರೂ ಪೆನ್ಸಿಲ್ ಬರಹ ಕಂಡರೆ ಕತ್ತರಿಸಬೇಡಿ ಎಂದು ಬಾಯಿ ಬಿಟ್ಟು ಹೇಳಿ, ಒಂದು ಚೀಟಿಯಲ್ಲಿ ಬರೆದೂ ಇಡಿ.